ಹದಿಹರೆಯದ ಹೃದಯ, ಎಂಆರ್‌ಎನ್‌ಎ ಲಸಿಕೆ ಮತ್ತು ನಮ್ಮ ಭಯ

(ಧಾರವಾಡದಲ್ಲಿ ಪ್ರೌಢಶಾಲಾ ಶಿಕ್ಷಕರು ಮತ್ತು ಪಾಲಕರ ಸಭೆಯೊಂದರಲ್ಲಿ ಮಕ್ಕಳ ವೈದ್ಯನಾಗಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಮಾನ್ಯ ಸಭಾಧ್ಯಕ್ಷರೇ, ಶಿಕ್ಷಕ ಬಂಧುಗಳೇ, ಪಾಲಕರೇ,

ಕೋವಿಡ್ ಲಸಿಕೆ ಮತ್ತು ಹೃದಯದ ಮಾತು ಬಂದ ಕೂಡಲೇ ನಮ್ಮಲ್ಲಿ ಎರಡು ದನಿಗಳು ಏಳುತ್ತವೆ. ಲಸಿಕೆಯಿಂದ ಯಾರ ಹೃದಯಕ್ಕೂ ಏನೂ ಆಗಿಲ್ಲ, ಆಗಿದೆ ಎನ್ನುವವರು ಸುಳ್ಳು ಹಬ್ಬಿಸುವವರು ಎನ್ನುವುದು ಒಂದು. ಹರೆಯದವರು ಎಲ್ಲಿ ಕುಸಿದು ಬಿದ್ದರೂ ಅದಕ್ಕೆ ಲಸಿಕೆಯೇ ಕಾರಣ ಎನ್ನುವುದು ಇನ್ನೊಂದು. ಈ ಎರಡನ್ನೂ ನಾನು ಒಪ್ಪುವುದಿಲ್ಲ. ಎಂಆರ್‌ಎನ್‌ಎ ತಂತ್ರದಿಂದ, ಅಂದರೆ ವೈರಾಣುವಿನ ಒಂದು ಪ್ರೋಟೀನನ್ನು ತಯಾರಿಸುವ ಸೂಚನೆಯನ್ನು ದೇಹಕ್ಕೆ ಕೊಡುವ ತಂತ್ರದಿಂದ, ತಯಾರಾದ ಕೋವಿಡ್ ಲಸಿಕೆಗಳನ್ನು ಪಡೆದ ಹದಿಹರೆಯದವರಲ್ಲಿ, ಅದರಲ್ಲೂ ಹುಡುಗರಲ್ಲಿ, ಕೆಲವರಿಗೆ ಹೃದಯದ ಸ್ನಾಯುವಿನ ಉರಿಯೂತ ಬಂದದ್ದು ನಿಜ. ಅಮೆರಿಕ ಮತ್ತು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಗಳು 2021ರಲ್ಲಿಯೇ ಅದನ್ನು ಒಪ್ಪಿ ಲಸಿಕೆಯ ವಿವರಪತ್ರದಲ್ಲಿ ಎಚ್ಚರಿಕೆ ಸೇರಿಸಿವೆ. ಆದರೆ ಆ ಲಸಿಕೆ ಹುಬ್ಬಳ್ಳಿ-ಧಾರವಾಡದ, ಗದಗಿನ, ಹಾವೇರಿಯ ಶಾಲೆಗಳಲ್ಲಿ ನಮ್ಮ ಮಕ್ಕಳ ತೋಳಿಗೆ ಬಿದ್ದ ಲಸಿಕೆಯಲ್ಲ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟುಕೊಂಡು ಯೋಚಿಸುವುದು ಹೇಗೆ ಎಂಬುದೇ ಈ ಹೊತ್ತಿನ ನನ್ನ ವಿಷಯ.

ಮೊದಲು ನಮ್ಮ ಮಕ್ಕಳು ಪಡೆದದ್ದೇನು ಎಂಬುದನ್ನು ನೋಡೋಣ. 2022ರ ಜನವರಿ 3ರಂದು ದೇಶದಾದ್ಯಂತ 15ರಿಂದ 18 ವರ್ಷದವರಿಗೆ, ಅಂದರೆ 2007ರಲ್ಲಿ ಅಥವಾ ಅದಕ್ಕೆ ಮೊದಲು ಹುಟ್ಟಿದವರಿಗೆ, ಲಸಿಕೆ ಆರಂಭವಾಯಿತು. ಅವರಿಗೆ ಕೊಟ್ಟದ್ದು ಕೊವ್ಯಾಕ್ಸಿನ್. ಇಡೀ ವೈರಾಣುವನ್ನು ನಿಷ್ಕ್ರಿಯಗೊಳಿಸಿ ತಯಾರಿಸಿದ, ಹಳೆಯ ಬಗೆಯ ಲಸಿಕೆ ಅದು. ಅದೇ ವರ್ಷದ ಮಾರ್ಚ್ 16ರಿಂದ 12ರಿಂದ 14 ವರ್ಷದವರಿಗೆ ಕೊರ್ಬೆವ್ಯಾಕ್ಸ್ ಕೊಟ್ಟರು. ಅದರಲ್ಲಿರುವುದು ವೈರಾಣುವಿನ ಒಂದು ಪ್ರೋಟೀನಿನ ತುಣುಕು. ಫೈಜರ್ ಕಂಪನಿ ತನ್ನ ಎಂಆರ್‌ಎನ್‌ಎ ಲಸಿಕೆಗೆ ಭಾರತದಲ್ಲಿ ತುರ್ತು ಅನುಮತಿ ಕೇಳಿ, 2021ರ ಫೆಬ್ರವರಿಯಲ್ಲಿ ಅರ್ಜಿಯನ್ನು ಹಿಂದಕ್ಕೆ ಪಡೆಯಿತು. ಮೊಡೆರ್ನಾ ಲಸಿಕೆಗೆ ಅದೇ ವರ್ಷ ಜೂನ್‌ನಲ್ಲಿ ಅನುಮತಿ ಸಿಕ್ಕರೂ ಅದು ಸರ್ಕಾರದ ಲಸಿಕಾ ಕಾರ್ಯಕ್ರಮಕ್ಕೆ ಬರಲೇ ಇಲ್ಲ. ಪುಣೆಯ ಜೆನ್ನೋವಾ ಕಂಪನಿಯ ಎಂಆರ್‌ಎನ್‌ಎ ಲಸಿಕೆಗೆ 2022ರ ಜೂನ್‌ನಲ್ಲಿ ಒಪ್ಪಿಗೆ ದೊರೆತದ್ದು 18 ವರ್ಷ ದಾಟಿದವರಿಗೆ ಮಾತ್ರ. ಹೀಗಿದ್ದೂ "ಡಾಕ್ಟ್ರ, ನಮ್ಮ ಹುಡುಗಗ ಸಾಲ್ಯಾಗ ಲಸಿ ಹಾಕ್ಯಾರ, ಮುಂದ ಎದಿಗೆ ಏನರ ಆಗ್ತದೇನ್ರಿ?" ಎಂದು ಕೇಳುವ ತಾಯಂದಿರು ಇವತ್ತಿಗೂ ಇದ್ದಾರೆ. ಅವರ ಮೊಬೈಲಿಗೆ ಬಂದ ವಿಡಿಯೊದಲ್ಲಿರುವುದು ಅಮೆರಿಕದ ಹುಡುಗನ ಕಥೆ, ಬೇರೆಯೇ ಲಸಿಕೆಯ ಕಥೆ. ಆ ಕಥೆ ಸುಳ್ಳಲ್ಲದೆ ಇರಬಹುದು. ಆದರೆ ಅದು ಅವರ ಮಗನ ಕಥೆಯಲ್ಲ.

ಹಾಗಾದರೆ ನಮಗೇಕೆ ಈ ಉಸಾಬರಿ ಎಂದು ಯಾರಾದರೂ ಕೇಳಬಹುದು. ಮಕ್ಕಳನ್ನೋ ಮೊಮ್ಮಕ್ಕಳನ್ನೋ ಹೊರದೇಶಕ್ಕೆ ಕಳಿಸಿದ ಮನೆಗಳು ಈ ಸಭೆಯಲ್ಲಿಯೇ ಹಲವಾರು ಇವೆ. ಅಲ್ಲದೆ ಈ ತಂತ್ರ ಕೋವಿಡ್ ಜೊತೆಗೆ ಮುಗಿದುಹೋಗುವಂಥದ್ದಲ್ಲ; ಅದಕ್ಕೆ ಅಡಿಪಾಯ ಹಾಕಿದ ಕಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ ಅವರಿಗೆ 2023ರ ನೊಬೆಲ್ ಪ್ರಶಸ್ತಿ ಬಂದಿದೆ, ಬೇರೆ ರೋಗಗಳಿಗೂ ಈ ಬಗೆಯ ಲಸಿಕೆಗಳು ಸಿದ್ಧವಾಗುತ್ತಿವೆ. ನಾಳೆ ಅವು ನಮ್ಮ ಆರೋಗ್ಯ ಕೇಂದ್ರಕ್ಕೂ ಬಂದಾವು. ಆಗ ಹೊಸದಾಗಿ ಗಾಬರಿಯಾಗುವುದಕ್ಕಿಂತ ಈಗಲೇ ತಿಳಿದಿರುವುದು ಮೇಲು.

ಮಯೋಕಾರ್ಡೈಟಿಸ್ ಎಂದರೆ ಹೃದಯದ ಸ್ನಾಯುವಿನ ಉರಿಯೂತ; ಹೃದಯವನ್ನು ಸುತ್ತಿರುವ ಪೊರೆಗೆ ಉರಿಯೂತ ಬಂದರೆ ಅದು ಪೆರಿಕಾರ್ಡೈಟಿಸ್. ಎರಡೂ ಒಟ್ಟಿಗೆ ಬರುವುದೂ ಉಂಟು. ಕೋವಿಡ್‌ಗೆ ಮೊದಲೂ ಇವು ಇದ್ದವು, ಬಹುಪಾಲು ವೈರಾಣುಗಳಿಂದ ಬರುತ್ತಿದ್ದವು. ಲಸಿಕೆಯಿಂದ ಬರುವುದೂ ಹೊಸತಲ್ಲ: 2003ರ ಹೊತ್ತಿಗೆ ಅಮೆರಿಕದ ಸೈನಿಕರಿಗೆ ಸಿಡುಬಿನ ಲಸಿಕೆ ಹಾಕಿದಾಗಲೂ ಕೆಲವರಲ್ಲಿ ಇದೇ ತೊಂದರೆ ಕಂಡಿತ್ತು. ಎಂಆರ್‌ಎನ್‌ಎ ಲಸಿಕೆಯ ನಂತರದ ಉರಿಯೂತಕ್ಕೆ ಒಂದು ಗುರುತಿಸಬಲ್ಲ ಚಹರೆ ಇದೆ. ಹೆಚ್ಚಾಗಿ ಎರಡನೆಯ ಡೋಸ್ ಆದ ಎರಡು ಮೂರು ದಿನಗಳಲ್ಲಿ, ಅಲ್ಲಿಯವರೆಗೆ ಗಟ್ಟಿಮುಟ್ಟಾಗಿದ್ದ ಹುಡುಗನಿಗೆ ಎದೆನೋವು ಶುರುವಾಗುತ್ತದೆ. ಕೆಲವರಿಗೆ ಉಸಿರು ಕಟ್ಟಿದಂತೆ, ಎದೆ ಡವಗುಟ್ಟಿದಂತೆ ಅನಿಸುತ್ತದೆ. ರಕ್ತದಲ್ಲಿ ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾದಾಗ ಹೊರಬರುವ ಪ್ರೋಟೀನ್) ಏರಿರುತ್ತದೆ, ಇಸಿಜಿಯಲ್ಲಿ ವ್ಯತ್ಯಾಸ ಕಾಣುತ್ತದೆ, ಎಕೋದಲ್ಲಿ (ಹೃದಯದ ಸ್ಕ್ಯಾನಿಂಗ್‌ನಲ್ಲಿ) ಮಾತ್ರ ಎಷ್ಟೋ ಸಲ ಎಲ್ಲವೂ ಸರಿಯಾಗಿಯೇ ಇರುತ್ತದೆ. ಬಹುತೇಕ ಮಕ್ಕಳಿಗೆ ಸಾಮಾನ್ಯ ಉರಿಯೂತ ನಿವಾರಕ ಮಾತ್ರೆ ಮತ್ತು ವಿಶ್ರಾಂತಿ ಸಾಕಾಗುತ್ತದೆ.

ಇದು ಬೆಳಕಿಗೆ ಬಂದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ "ಪ್ರಯೋಗದಲ್ಲಿ ಯಾಕೆ ಗೊತ್ತಾಗಲಿಲ್ಲ? ಮುಚ್ಚಿಟ್ಟರೇ?" ಎಂಬ ಪ್ರಶ್ನೆ ಎಲ್ಲ ಕಡೆಯೂ ಬರುತ್ತದೆ. 12ರಿಂದ 15 ವರ್ಷದವರ ಮೇಲೆ ಫೈಜರ್ ನಡೆಸಿದ ಪ್ರಯೋಗದಲ್ಲಿ ಇದ್ದವರು 2,260 ಮಕ್ಕಳು. ಅವರಲ್ಲಿ ನಿಜವಾದ ಲಸಿಕೆ ಸಿಕ್ಕಿದ್ದು ಅರ್ಧದಷ್ಟು ಮಕ್ಕಳಿಗೆ. ಹತ್ತು ಸಾವಿರಕ್ಕೆ ಒಬ್ಬರಲ್ಲಿ ಆಗುವ ತೊಂದರೆ ಸಾವಿರದ ನೂರು ಮಕ್ಕಳಲ್ಲಿ ಒಮ್ಮೆಯೂ ಕಾಣದೆ ಹೋಗುವ ಸಾಧ್ಯತೆಯೇ ಹೆಚ್ಚು. ಇದರಲ್ಲಿ ಮೋಸವಿಲ್ಲ, ಗಣಿತವಿದೆ. ಅಪರೂಪದ ಅಡ್ಡಪರಿಣಾಮಗಳು ಲಕ್ಷಾಂತರ ಜನ ಪಡೆದ ಮೇಲೆಯೇ ತಿಳಿಯುತ್ತವೆ. ಆದ್ದರಿಂದಲೇ ಲಸಿಕೆ ಹೊರಬಂದ ಮೇಲಿನ ನಿಗಾ ಪ್ರಯೋಗದಷ್ಟೇ ಮುಖ್ಯ. ಎಲ್ಲರಿಗಿಂತ ಮೊದಲು ವೇಗವಾಗಿ ಲಸಿಕೆ ಹಾಕಿದ ಇಸ್ರೇಲ್ 2021ರ ಬೇಸಿಗೆಯಲ್ಲಿ ಮೊದಲ ಸುಳಿವು ಕೊಟ್ಟಿತು. ಜೂನ್ ಆರಂಭದಲ್ಲಿ ಅಲ್ಲಿನ ಆರೋಗ್ಯ ಇಲಾಖೆ, ಯುವಕರಲ್ಲಿ ಎರಡನೆಯ ಡೋಸಿಗೂ ಹೃದಯದ ಉರಿಯೂತಕ್ಕೂ ನಂಟಿರುವಂತಿದೆ ಎಂದು ಬಹಿರಂಗವಾಗಿ ಹೇಳಿತು. ಜೂನ್ ಕೊನೆಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ಜುಲೈಯಲ್ಲಿ ಯುರೋಪಿನ ಸಂಸ್ಥೆ ಎಚ್ಚರಿಕೆ ಸೇರಿಸಿದವು. ನನ್ನ ದೃಷ್ಟಿಯಲ್ಲಿ ಈ ಭಾಗ ವ್ಯವಸ್ಥೆ ಸರಿಯಾಗಿ ಕೆಲಸ ಮಾಡಿದ್ದಕ್ಕೆ ಉದಾಹರಣೆ. ಆದರೆ ಅದೇ ತಿಂಗಳುಗಳಲ್ಲಿ ಕೆಲವು ತಜ್ಞರು ದೂರದರ್ಶನದಲ್ಲಿ "ಇದು ತೀರ ಸೌಮ್ಯ, ಇದರ ಬಗ್ಗೆ ಮಾತೇ ಬೇಡ" ಎಂಬ ಧಾಟಿಯಲ್ಲಿ ಮಾತಾಡಿದ್ದು ತಪ್ಪು ಎಂದೇ ನಾನು ಹೇಳುತ್ತೇನೆ. ಆಸ್ಪತ್ರೆಗೆ ಸೇರಿದ ಹದಿನಾರರ ಹುಡುಗನ ತಾಯಿಗೆ ಸೌಮ್ಯ ಎಂಬ ಪದ ಸಮಾಧಾನ ತರುವುದಿಲ್ಲ.

ಇನ್ನು ಅಂಕಿಗಳು. 2020ರ ಡಿಸೆಂಬರ್‌ನಿಂದ 2021ರ ಆಗಸ್ಟ್‌ವರೆಗೆ ಅಮೆರಿಕದಲ್ಲಿ ಹತ್ತೊಂಬತ್ತು ಕೋಟಿಗೂ ಹೆಚ್ಚು ಜನ ಸುಮಾರು 35 ಕೋಟಿ ಎಂಆರ್‌ಎನ್‌ಎ ಡೋಸ್ ಪಡೆದಿದ್ದರು. ಮಾನದಂಡಕ್ಕೆ ಸರಿಹೊಂದಿದ ಮಯೋಕಾರ್ಡೈಟಿಸ್ ವರದಿಗಳು 1,626. ಇಡೀ ಜನಸಂಖ್ಯೆಯ ಲೆಕ್ಕದಲ್ಲಿ ಇದು ನಗಣ್ಯ ಎನಿಸುತ್ತದೆ, ಆದರೆ ಆ ಸರಾಸರಿಯನ್ನು ನಂಬಿದರೆ ಕಾಣಬೇಕಾದದ್ದು ಕಾಣುವುದಿಲ್ಲ. ವಯಸ್ಸು, ಲಿಂಗ, ಡೋಸ್ ಇವುಗಳನ್ನು ಬಿಡಿಸಿ ನೋಡಿದಾಗ, ಫೈಜರ್‌ನ ಎರಡನೆಯ ಡೋಸ್ ಪಡೆದ 12ರಿಂದ 15 ವರ್ಷದ ಹುಡುಗರಲ್ಲಿ ಹತ್ತು ಲಕ್ಷ ಡೋಸಿಗೆ ಸುಮಾರು 71, 16 ಮತ್ತು 17 ವರ್ಷದವರಲ್ಲಿ ಸುಮಾರು 106 ಪ್ರಕರಣಗಳು ಕಂಡವು. ಲಸಿಕೆ ಪಡೆಯದೆಯೇ ಅಷ್ಟೇ ದಿನಗಳಲ್ಲಿ ಅಷ್ಟೇ ಹುಡುಗರಲ್ಲಿ ನಿರೀಕ್ಷಿಸಬಹುದಾದದ್ದು ಒಂದೋ ಎರಡೋ. ಅದೇ ವಯಸ್ಸಿನ ಹುಡುಗಿಯರಲ್ಲಿ ಈ ಪ್ರಮಾಣ ಹುಡುಗರ ಹತ್ತನೆಯ ಒಂದು ಪಾಲಿನಷ್ಟು. ಸಾವಿರ ಹುಡುಗರಿರುವ ಒಂಬತ್ತು ಹತ್ತು ಪಿಯು ಕಾಲೇಜುಗಳನ್ನು ಕೂಡಿಸಿದರೆ ಅವರಲ್ಲಿ ಒಬ್ಬನಿಗೆ ಎಂದು ತಿಳಿಯಿರಿ. ಆದರೆ ಇವು ತಾವಾಗಿಯೇ ಬಂದ ವರದಿಗಳ ಲೆಕ್ಕ. ಹಾಂಗ್‌ಕಾಂಗ್‌ನಲ್ಲಿ ಹುಡುಕಿ ಎಣಿಸಿದಾಗ ಎರಡನೆಯ ಡೋಸ್ ಪಡೆದ 12ರಿಂದ 17 ವರ್ಷದ ಹುಡುಗರಲ್ಲಿ ಲಕ್ಷಕ್ಕೆ ಸುಮಾರು 37, ಅಂದರೆ ಹತ್ತು ಲಕ್ಷಕ್ಕೆ 370ರಷ್ಟು, ಇನ್ನೂ ಹೆಚ್ಚು ಕಂಡಿತು. ಎಣಿಸುವ ಕ್ರಮ ಬದಲಾದರೆ ಅಂಕಿಯೂ ಬದಲಾಗುತ್ತದೆ ಎಂಬುದನ್ನು ಪತ್ರಿಕೆ ಓದುವಾಗ ಮರೆಯಬಾರದು.

ಕೋವಿಡ್ ಸೋಂಕಿನಿಂದಲೇ ಇದಕ್ಕಿಂತ ಹೆಚ್ಚು ಹೃದಯದ ಉರಿಯೂತ ಬರುತ್ತದೆ, ಆದ್ದರಿಂದ ಲಸಿಕೆಯೇ ಲೇಸು ಎಂಬ ವಾದ ನೀವು ಕೇಳಿದ್ದೀರಿ. ಬಹುಪಾಲು ಅದು ಸರಿ. ಅಮೆರಿಕದ ನಲವತ್ತು ಆರೋಗ್ಯ ವ್ಯವಸ್ಥೆಗಳ ದಾಖಲೆಗಳನ್ನು ಆಧರಿಸಿ ಅಲ್ಲಿನ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, 2022ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, 12ರಿಂದ 17 ವರ್ಷದ ಹುಡುಗರಲ್ಲಿ ಸೋಂಕಿನ ನಂತರ ಮಯೋಕಾರ್ಡೈಟಿಸ್ ಅಥವಾ ಪೆರಿಕಾರ್ಡೈಟಿಸ್ ಲಕ್ಷಕ್ಕೆ 50ರಿಂದ 65, ಎರಡನೆಯ ಡೋಸಿನ ನಂತರ 22ರಿಂದ 36. ಆದರೆ ಎಲ್ಲ ಕಡೆಯೂ ಹೀಗಿಲ್ಲ. ಇಂಗ್ಲೆಂಡಿನ ದೊಡ್ಡ ಅಧ್ಯಯನವೊಂದರಲ್ಲಿ ನಲವತ್ತರೊಳಗಿನ ಗಂಡಸರಲ್ಲಿ ಮೊಡೆರ್ನಾದ ಎರಡನೆಯ ಡೋಸಿನಿಂದ ಹತ್ತು ಲಕ್ಷಕ್ಕೆ 97 ಹೆಚ್ಚುವರಿ ಪ್ರಕರಣಗಳು ಕಂಡರೆ, ಸೋಂಕಿನಿಂದ ಕಂಡದ್ದು 16 ಮಾತ್ರ. ಮೊಡೆರ್ನಾದ ಒಂದು ಡೋಸಿನಲ್ಲಿ 100 ಮೈಕ್ರೋಗ್ರಾಂ ಎಂಆರ್‌ಎನ್‌ಎ ಇತ್ತು, ಫೈಜರ್‌ನಲ್ಲಿ 30. ಹಾಗಾಗಿ "ಲಸಿಕೆ ಯಾವಾಗಲೂ ಸೋಂಕಿಗಿಂತ ಸುರಕ್ಷಿತ" ಎಂಬ ಒಂದೇ ವಾಕ್ಯವನ್ನು ಎಲ್ಲರಿಗೂ ಅನ್ವಯಿಸಿ ಹೇಳುವುದು ಪ್ರಾಮಾಣಿಕವಲ್ಲ. ಎಪ್ಪತ್ತರ ಅಜ್ಜನಿಗೆ ಅದು ನೂರಕ್ಕೆ ನೂರು ನಿಜ. ಆಗಲೇ ಒಮ್ಮೆ ಸೋಂಕು ಬಂದು ಹೋದ ಹದಿನೇಳರ ಆರೋಗ್ಯವಂತ ಹುಡುಗನ ವಿಷಯದಲ್ಲಿ ಲಾಭ ನಷ್ಟಗಳೆರಡೂ ಚಿಕ್ಕವೇ. ಅಲ್ಲಿ ಲೆಕ್ಕ ಸೂಕ್ಷ್ಮವಾಗುತ್ತದೆ.

ಹಲವು ದೇಶಗಳು ಆ ಸೂಕ್ಷ್ಮವನ್ನು ಗಮನಿಸಿದವು. 2021ರ ಅಕ್ಟೋಬರ್‌ನಲ್ಲಿ ಸ್ವೀಡನ್ ಮತ್ತು ಫಿನ್ಲೆಂಡ್ ಎಳೆಯರಿಗೆ ಮೊಡೆರ್ನಾ ಕೊಡುವುದನ್ನು ನಿಲ್ಲಿಸಿದವು. ಬ್ರಿಟನ್ನಿನ ಲಸಿಕಾ ಸಮಿತಿ 12ರಿಂದ 15 ವರ್ಷದ ಎಲ್ಲ ಆರೋಗ್ಯವಂತ ಮಕ್ಕಳಿಗೂ ಲಸಿಕೆ ಶಿಫಾರಸು ಮಾಡಲು ಹಿಂಜರಿಯಿತು. ಕೆಲವೇ ದಿನಗಳಲ್ಲಿ ಅಲ್ಲಿನ ಮುಖ್ಯ ವೈದ್ಯಾಧಿಕಾರಿಗಳು, ಶಾಲೆ ತಪ್ಪುವುದನ್ನೂ ಲೆಕ್ಕಕ್ಕೆ ಹಿಡಿದು, ಒಂದು ಡೋಸ್ ಕೊಡಿ ಎಂದರು. ಹಾಂಗ್‌ಕಾಂಗ್ ಕೂಡ ಹದಿಹರೆಯದವರಿಗೆ ಒಂದೇ ಡೋಸಿಗೆ ಇಳಿಯಿತು. ಇವೆಲ್ಲಕ್ಕಿಂತ ಉಪಯುಕ್ತವಾದ ಪಾಠ ಕೆನಡಾದ ಒಂಟಾರಿಯೊದಿಂದ ಬಂತು: ಎರಡು ಡೋಸುಗಳ ನಡುವಿನ ಅಂತರ ಎಂಟು ವಾರಕ್ಕೆ ಹಿಗ್ಗಿದರೆ ಉರಿಯೂತದ ಪ್ರಮಾಣ ಬಹಳ ಇಳಿಯುತ್ತದೆ. ಮೂರು ನಾಲ್ಕು ವಾರಗಳ ಅವಸರದ ಅಂತರವೇ ಅಪಾಯವನ್ನು ಹೆಚ್ಚಿಸಿತ್ತು. 2022ರ ಫೆಬ್ರವರಿಯಲ್ಲಿ ಅಮೆರಿಕವೂ ಎಂಟು ವಾರದ ಅಂತರಕ್ಕೆ ಸಮ್ಮತಿಸಿತು. ಒಂದು ಲಸಿಕೆ ಬೇಕೋ ಬೇಡವೋ ಎಂದು ಜಗಳವಾಡುವ ಗದ್ದಲದಲ್ಲಿ, ಎಷ್ಟು ಪ್ರಮಾಣ, ಎಷ್ಟು ಅಂತರ ಎಂಬ ಸಣ್ಣ ದನಿಯ ಪ್ರಶ್ನೆಗಳು ಕೇಳಿಸಲೇ ಇಲ್ಲ. ಹುಡುಗರಿಗೆ ನೆರವಾದದ್ದು ಅವೇ.

ಯಾಕೆ ಹೀಗಾಗುತ್ತದೆ? ಬೋಸ್ಟನ್ನಿನ ವೈದ್ಯರು ಉರಿಯೂತಕ್ಕೆ ಒಳಗಾದ 16 ಎಳೆಯರನ್ನು, ಲಸಿಕೆ ಪಡೆದೂ ಆರಾಮಾಗಿದ್ದ 45 ಜನರ ಜೊತೆ ಹೋಲಿಸಿ 2023ರಲ್ಲಿ ಪ್ರಕಟಿಸಿದರು. ಎರಡೂ ಗುಂಪಿನಲ್ಲಿ ಪ್ರತಿಕಾಯಗಳು ಹೆಚ್ಚುಕಡಿಮೆ ಒಂದೇ ಬಗೆ. ಆದರೆ ಕಾಯಿಲೆಯಾದವರ ರಕ್ತದಲ್ಲಿ ಮಾತ್ರ ಪ್ರತಿಕಾಯಕ್ಕೆ ಸಿಕ್ಕದೆ ಉಳಿದ ಸ್ಪೈಕ್ ಪ್ರೋಟೀನ್ (ಲಸಿಕೆಯ ಸೂಚನೆಯಂತೆ ದೇಹ ತಯಾರಿಸುವ, ವೈರಾಣುವಿನ ಪ್ರೋಟೀನ್) ಗಣನೀಯವಾಗಿ ತೇಲುತ್ತಿತ್ತು. ಬೇರೆ ಅಧ್ಯಯನಗಳು ದೇಹದ ಉರಿಯೂತದ ರಾಸಾಯನಿಕಗಳು ಅತಿಯಾಗಿ ಬಿಡುಗಡೆಯಾಗುವುದರ ಕಡೆಗೆ ಬೆರಳು ಮಾಡಿವೆ. ಹುಡುಗರಲ್ಲೇ ಹೆಚ್ಚಾಗುವುದಕ್ಕೆ ಹರೆಯದ ಹಾರ್ಮೋನುಗಳ ಪಾತ್ರವಿರಬೇಕು ಎಂಬ ಊಹೆ ಬಲವಾಗಿದೆ. ಒಂದೇ ಕಾರಣ ಇನ್ನೂ ಸ್ಥಿರಪಟ್ಟಿಲ್ಲ.

ಮುಂದೇನಾಯಿತು ಎಂಬುದು ಪಾಲಕರಿಗೆ ಇದಕ್ಕಿಂತ ಮುಖ್ಯ. ಅಮೆರಿಕದಲ್ಲಿ ಕನಿಷ್ಠ 90 ದಿನ ಕಳೆದ ಮೇಲೆ ವೈದ್ಯರನ್ನು ವಿಚಾರಿಸಿದಾಗ ನೂರಕ್ಕೆ 81 ಮಂದಿ ಗುಣವಾಗಿದ್ದಾರೆ ಎಂಬ ಉತ್ತರ ಬಂತು. ಫ್ರಾನ್ಸಿನಲ್ಲಿ ಹದಿನೆಂಟು ತಿಂಗಳು ಬೆನ್ನತ್ತಿ ನೋಡಿದಾಗ, ಲಸಿಕೆಯ ನಂತರದ ಮಯೋಕಾರ್ಡೈಟಿಸ್ ಆದವರಿಗೆ ಬೇರೆ ಕಾರಣದ ಮಯೋಕಾರ್ಡೈಟಿಸ್ ಆದವರಿಗಿಂತ ತೊಡಕುಗಳು ಕಡಿಮೆ ಇದ್ದವು. ಇಲ್ಲಿಗೇ ನಿಲ್ಲಿಸಿದರೆ ಚಿತ್ರ ಅರ್ಧವಾಗುತ್ತದೆ. 2024ರಲ್ಲಿ ಪ್ರಕಟವಾದ, 333 ಎಳೆಯರ ಅಧ್ಯಯನದಲ್ಲಿ ಹೃದಯಕ್ಕೆ ಸಂಬಂಧಿಸಿದ ಸಾವಾಗಲಿ ಹೃದಯ ಕಸಿಯಾಗಲಿ ಇರಲಿಲ್ಲ, ಹೃದಯದ ಕೆಲಸವೂ ಸರಿಯಾಗಿತ್ತು. ಆದರೆ ಮತ್ತೆ ಎಂಆರ್‌ಐ ಮಾಡಿದ ಹಲವರ ಸ್ನಾಯುವಿನಲ್ಲಿ ಕಲೆಯಂಥ ಗುರುತು ತಿಂಗಳುಗಳ ನಂತರವೂ ಉಳಿದಿತ್ತು. ಆ ಗುರುತಿಗೆ ಇಪ್ಪತ್ತು ವರ್ಷದ ನಂತರ ಏನು ಅರ್ಥ ಎಂಬುದನ್ನು ಇಪ್ಪತ್ತು ವರ್ಷ ಕಳೆದ ಮೇಲೆಯೇ ಹೇಳಬೇಕು. ಅಂಥ ಮಕ್ಕಳ ತಪಾಸಣೆ ಮುಂದುವರಿಯಬೇಕು ಎನ್ನುವುದಕ್ಕೆ ಅಷ್ಟು ಕಾರಣ ಸಾಕು.

ಈಗ ನಮ್ಮ ರಾಜ್ಯಕ್ಕೆ ಬರುತ್ತೇನೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ 46ನೆಯ ವಯಸ್ಸಿನಲ್ಲಿ ತೀರಿಕೊಂಡ ದಿನದಿಂದ ಕನ್ನಡಿಗರ ಮನಸ್ಸಿನಲ್ಲಿ ಹೃದಯದ ಭಯ ಮನೆ ಮಾಡಿದೆ. 2025ರ ಮೇ-ಜೂನ್‌ನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ಅದು ಮತ್ತೆ ಎದ್ದಿತು. ಲಸಿಕೆಯ ಮೇಲೆ ಮುಖ್ಯಮಂತ್ರಿಗಳೇ ಅನುಮಾನ ವ್ಯಕ್ತಪಡಿಸಿದರು. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ ಪರಿಶೀಲಿಸಿ, ಲಸಿಕೆಯ ನಂಟು ಕಾಣುವುದಿಲ್ಲ ಎಂದು ವರದಿ ಕೊಟ್ಟಿತು. ಅದಕ್ಕೂ ಮೊದಲು 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 47 ಆಸ್ಪತ್ರೆಗಳಲ್ಲಿ 18ರಿಂದ 45 ವರ್ಷದವರ ಹಠಾತ್ ಸಾವುಗಳನ್ನು ಅಭ್ಯಸಿಸಿತ್ತು. ಲಸಿಕೆ ಅಪಾಯ ಹೆಚ್ಚಿಸಿದ್ದು ಕಾಣಲಿಲ್ಲ. ಹಿಂದೆ ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವು, ಸಾವಿಗೆ ಮುಂಚಿನ ಎರಡು ದಿನಗಳಲ್ಲಿ ವಿಪರೀತ ಕುಡಿತ ಅಥವಾ ವಿಪರೀತ ದೈಹಿಕ ಶ್ರಮ, ಇವು ಅಪಾಯ ಹೆಚ್ಚಿಸಿದ್ದವು. ಈ ಅಧ್ಯಯನವನ್ನು ನಾನು ಗೌರವಿಸುತ್ತೇನೆ. ಆದರೆ ಇದನ್ನು ತೋರಿಸಿ "ನೋಡಿ, ಮಯೋಕಾರ್ಡೈಟಿಸ್ ಎಂಬುದೇ ಸುಳ್ಳು" ಎನ್ನುವವರನ್ನೂ ಕಂಡಿದ್ದೇನೆ. ಅದು ನಮ್ಮ ದೇಶದ ಲಸಿಕೆಗಳನ್ನು ಪಡೆದ ವಯಸ್ಕರ ಅಧ್ಯಯನ. ವಿದೇಶದ ಹುಡುಗರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ, ಹಾಗೆಯೇ ವಿದೇಶದ ಹುಡುಗರ ಅಂಕಿಗಳು ಹಾಸನದ ಬಗ್ಗೆ ಏನನ್ನೂ ಹೇಳುವುದಿಲ್ಲ. ರಕ್ತನಾಳದಲ್ಲಿ ಕೊಬ್ಬು ಕಟ್ಟಿ ನಲವತ್ತರ ಗಂಡಸಿಗೆ ಆಗುವ ಹೃದಯಾಘಾತ ಒಂದು ಕಾಯಿಲೆ, ಹದಿನಾರರ ಹುಡುಗನ ಸ್ನಾಯುವಿನ ಉರಿಯೂತ ಇನ್ನೊಂದು.

ನಮ್ಮ ಭಾಗದ ಮಕ್ಕಳ ಹೃದಯಕ್ಕೆ ಉರಿಯೂತ ತರುವ ಕಾರಣಗಳ ಬಗ್ಗೆ ಯಾರೂ ವಿಡಿಯೊ ಮಾಡುವುದಿಲ್ಲ. ಮಳೆಗಾಲದಲ್ಲಿ ಡೆಂಗಿ ಜ್ವರ ಹೃದಯವನ್ನು ಮುಟ್ಟುತ್ತದೆ. ಗಂಟಲು ನೋವನ್ನು ಅಲಕ್ಷಿಸಿದ ಮಕ್ಕಳಲ್ಲಿ ಬರುವ ಕೀಲುವಾತದ ಜ್ವರ ಕವಾಟಗಳನ್ನು ಹಾಳುಮಾಡುತ್ತದೆ. ಹೊಲದಲ್ಲಿ, ಕಲ್ಲಿನ ಸಂದಿಯಲ್ಲಿ ಕೆಂಪು ಚೇಳು ಕಡಿದರೆ ಅದರ ವಿಷ ಕೆಲವೇ ಗಂಟೆಗಳಲ್ಲಿ ಹೃದಯವನ್ನು ಸೋಲಿಸಿ ಶ್ವಾಸಕೋಶದಲ್ಲಿ ನೀರು ತುಂಬಿಸಬಲ್ಲದು. ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆಯಿಂದ ಇದನ್ನು ತಡೆಯಬಹುದೆಂದು ತೋರಿಸಿದವರು ಮಹಾರಾಷ್ಟ್ರದ ಮಹಾಡ್‌ನಂಥ ಸಣ್ಣ ಊರಿನಲ್ಲಿದ್ದ ಡಾ. ಹಿಮ್ಮತರಾವ್ ಬಾವಸ್ಕರ್. ಇನ್ನು ಗಂಟಲುಮಾರಿ, ಅಂದರೆ ಡಿಫ್ತೀರಿಯಾ. ಅದರ ವಿಷ ಎರಡನೆಯ ವಾರದ ಹೊತ್ತಿಗೆ ಹೃದಯದ ಸ್ನಾಯುವಿಗೆ ಇಳಿಯುತ್ತದೆ. ಗಂಟಲು ವಾಸಿಯಾಯಿತೆಂದು ಮನೆಗೆ ಹೋದ ಮಗು ಆಮೇಲೆ ಕುಸಿಯಬಹುದು. ಇದನ್ನು ತಡೆಯುವುದೂ ಒಂದು ಲಸಿಕೆಯೇ: 10 ಮತ್ತು 16 ವರ್ಷಕ್ಕೆ ಕೊಡುವ, ಧನುರ್ವಾಯುವನ್ನೂ ಗಂಟಲುಮಾರಿಯನ್ನೂ ತಡೆಯುವ ಟಿಡಿ. ಕೋವಿಡ್ ಲಸಿಕೆಯ ಹೆದರಿಕೆಯಿಂದ ಶಾಲೆಯಲ್ಲಿ ಟಿಡಿ ಹಾಕಿಸಲು ಒಪ್ಪಿಗೆ ಪತ್ರಕ್ಕೆ ಸಹಿ ಮಾಡದ ಪಾಲಕರು ಇದ್ದಾರೆ ಎಂದು ಶಿಕ್ಷಕರೇ ನನಗೆ ಹೇಳಿದ್ದಾರೆ. ಹೃದಯದ ಉರಿಯೂತಕ್ಕೆ ಹೆದರಿ, ಹೃದಯದ ಉರಿಯೂತವನ್ನು ತಡೆಯುವ ಲಸಿಕೆಯನ್ನೇ ಬಿಡುವುದು ಇದು.

ಹದಿಹರೆಯದ ಹುಡುಗ ಎದೆನೋವು ಎಂದಾಗ ಅದು ಬಹುತೇಕ ಪಕ್ಕೆಲುಬಿನ, ಸ್ನಾಯುವಿನ ನೋವೇ ಆಗಿರುತ್ತದೆ. ಆದರೂ ಜ್ವರ ಬಂದು ಹೋದ ಹೊಸತರಲ್ಲಿ ಅಥವಾ ಯಾವುದೇ ಲಸಿಕೆಯಾದ ಒಂದು ವಾರದೊಳಗೆ ನೋವು ಬಂದರೆ, ಆಡುವಾಗ ಎಚ್ಚರ ತಪ್ಪಿದರೆ, ಗ್ಯಾಸ್ ಎಂದು ಸೋಡಾ ಕುಡಿಸಿ ಮಲಗಿಸಬೇಡಿ. ಒಂದು ಇಸಿಜಿ ತಾಲ್ಲೂಕು ಆಸ್ಪತ್ರೆಯಲ್ಲೂ ಆಗುತ್ತದೆ; ಟ್ರೋಪೋನಿನ್, ಎಕೋ ಬೇಕಾದರೆ ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ), ಗದಗಿನ ಜಿಮ್ಸ್‌ನಂಥ ಆಸ್ಪತ್ರೆಗಳಿವೆ. ಉರಿಯೂತದ ಇಸಿಜಿ ಕೆಲವೊಮ್ಮೆ ಹೃದಯಾಘಾತದಂತೆಯೇ ಕಾಣುತ್ತದೆ, ಆದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದು ಅದಕ್ಕೆ ಮದ್ದಲ್ಲ. ಆದ್ದರಿಂದ ಹುಡುಗನ ವಯಸ್ಸು, ಈಚಿನ ಜ್ವರ, ಈಚಿನ ಲಸಿಕೆ ಇವನ್ನು ವೈದ್ಯರು ಕೇಳುವ ಮೊದಲೇ ಹೇಳಿ. ಲಸಿಕೆಯ ನಂತರದ ತೊಂದರೆಯಾದರೆ ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಅಂಥ ಪ್ರಕರಣಗಳನ್ನು ಪರಿಶೀಲಿಸಲು ಜಿಲ್ಲಾ ಮಟ್ಟದಲ್ಲಿ ಸಮಿತಿ ಇದೆ. ವರದಿಯಾಗದ ತೊಂದರೆ ಯಾವ ಲೆಕ್ಕಕ್ಕೂ ಸೇರುವುದಿಲ್ಲ.

ಉಪನ್ಯಾಸದ ಬಳಿಕ ಪಾಲಕರೊಬ್ಬರು, "ಸರ್, ನಮ್ಮ ಅಣ್ಣನ ಮಗ ಅಮೆರಿಕಾದಾಗ ಕಾಲೇಜಿಗೆ ಹೊಂಟಾನ, ಅಲ್ಲಿ ಆ ಲಸಿಕೆ ತಗೊಳ್ಳೂದೋ ಬ್ಯಾಡೋ?" ಎಂದು ಕೇಳಿದರು. 2023-24ರ ಲಸಿಕೆಯ ಅಂಕಿಗಳನ್ನು ಆಧರಿಸಿ ಎಫ್‌ಡಿಎ 2025ರಲ್ಲಿ ವಿವರಪತ್ರವನ್ನು ಪರಿಷ್ಕರಿಸಿದೆ: 12ರಿಂದ 24 ವರ್ಷದ ಗಂಡುಮಕ್ಕಳಲ್ಲಿ ಹತ್ತು ಲಕ್ಷ ಡೋಸಿಗೆ ಸುಮಾರು 27 ಪ್ರಕರಣಗಳು. ಮೊದಲ ವರ್ಷದ ಎರಡನೆಯ ಡೋಸಿಗೆ ಹೋಲಿಸಿದರೆ ಇದು ಬಹಳ ಕಡಿಮೆ. ಆರೋಗ್ಯವಂತ ಮಕ್ಕಳ ವಿಷಯವನ್ನು ವೈದ್ಯರೂ ಪಾಲಕರೂ ಚರ್ಚಿಸಿ ನಿರ್ಧರಿಸಲಿ ಎಂಬ ನಿಲುವಿಗೆ ಸಿಡಿಸಿ ಅದೇ ವರ್ಷ ಬಂದಿತು. ಹುಡುಗನಿಗೆ ಅಸ್ತಮಾ, ಸಕ್ಕರೆ ಕಾಯಿಲೆ, ಸ್ಥೂಲಕಾಯ ಇದ್ದರೆ ನಾನು ತೆಗೆದುಕೊಳ್ಳಲಿ ಎನ್ನುತ್ತೇನೆ. ಇಲ್ಲದಿದ್ದರೆ ಅಲ್ಲಿನ ವೈದ್ಯರ ಜೊತೆ ಮಾತಾಡಲಿ. ಮೊದಲ ಡೋಸಿಗೆ ಎದೆನೋವು ಬಂದಿದ್ದರೆ ಮುಂದಿನದನ್ನು ಅವಸರದಲ್ಲಿ ಪಡೆಯಬಾರದು. ಲಸಿಕೆಯ ನಂತರ ಒಂದೆರಡು ವಾರ ಓಟ, ಜಿಮ್ ಕಡಿಮೆ ಮಾಡಿದರೆ ನಷ್ಟವೇನಿಲ್ಲ.

ಹಾವೇರಿ ಕಡೆಯ ದೈಹಿಕ ಶಿಕ್ಷಕರೊಬ್ಬರ ಪ್ರಶ್ನೆ ನೇರವಾಗಿತ್ತು: ಯಾವುದೇ ಕಾರಣಕ್ಕೆ ಮಯೋಕಾರ್ಡೈಟಿಸ್ ಆದ ಹುಡುಗನನ್ನು ಕಬಡ್ಡಿ ತಂಡಕ್ಕೆ ಯಾವಾಗ ತೆಗೆದುಕೊಳ್ಳಬಹುದು? ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಸ್ಪರ್ಧೆಯ ಆಟಗಳು ಬೇಡ. ಉರಿಯೂತ ಆರದ ಹೃದಯಕ್ಕೆ ಹೆಚ್ಚಿನ ಶ್ರಮ ಬಿದ್ದರೆ ಬಡಿತ ದಾರಿ ತಪ್ಪುವ ಅಪಾಯವಿದೆ. ಆ ಅವಧಿಯ ನಂತರ ಟ್ರೋಪೋನಿನ್, ಎಕೋ, ಇಸಿಜಿ, ಇಪ್ಪತ್ನಾಲ್ಕು ತಾಸು ಹೃದಯದ ಬಡಿತವನ್ನು ಗುರುತಿಸುವ ಹೋಲ್ಟರ್ ದಾಖಲೆ ಎಲ್ಲವೂ ಸರಿಯಿದ್ದು, ಓಡಿಸಿ ಮಾಡುವ ಪರೀಕ್ಷೆಯಲ್ಲೂ ತೊಂದರೆ ಕಾಣದಿದ್ದರೆ ಹೃದ್ರೋಗ ತಜ್ಞರು ಬರೆದುಕೊಡುತ್ತಾರೆ. ಆ ಚೀಟಿ ಕೈಗೆ ಬರುವವರೆಗೆ, ಮರುವಾರವೇ ಜಿಲ್ಲಾ ಮಟ್ಟದ ಪಂದ್ಯವಿದ್ದರೂ, ಹುಡುಗ ಅಂಕಣದ ಹೊರಗೇ ಇರಲಿ.